ಮಣ್ಣಿನ ದಾರಿಯಲ್ಲಿ ಮರಳಿ ಬಂದ ಮಾತು

2022ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ವಾಲ್‌ನಟ್ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ ನನ್ನ ಯಜಮಾನರ ಕೈಯಿಂದ ಕಾಫಿ ಲೋಟ ಜಾರಿತು. "ಎಂತಾಯ್ತು?" ಎಂದು ಕೇಳಿದೆ. ಅವರು ಬಾಯಿ ತೆರೆದರು. ಶಬ್ದ ಬಂತು, ಮಾತು ಬರಲಿಲ್ಲ. ಮುಖದ ಬಲಭಾಗ ಕೆಳಗೆ ಸರಿದಿತ್ತು. ಮಗಳು ಮೇಘನಾ ಓಡಿ ಬಂದು ನೋಡಿದವಳೇ, ನನ್ನನ್ನೇನೂ ಕೇಳದೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಬೇಗ ಕರೆತಂದದ್ದರಿಂದ ಜೀವ ಉಳಿಯಿತು. ಕೆಲವು ವಾರಗಳಲ್ಲಿ ಕಾಲಿಗೆ ಬಲ ಬಂತು. ಬಲಗೈಯ ಹಿಡಿತ ಸ್ವಲ್ಪ ಸಡಿಲವಾಗಿಯೇ ಉಳಿಯಿತು. ಮಾತು ಮಾತ್ರ ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಉತ್ತರವೂ ಒಳಗೆ ಸಿದ್ಧವಿರುತ್ತಿತ್ತು ಎಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಅದು ನಾಲಿಗೆಗೆ ಬರುತ್ತಿರಲಿಲ್ಲ.

ನಮ್ಮವರ ಹೆಸರು ಸುಧಾಕರ. ನಾವಿಬ್ಬರೂ ಉಡುಪಿ ಕಡೆಯವರು. ಇವರು ಲಾಂಗ್ ಬೀಚ್ ಬಂದರಿನಲ್ಲಿ ಸರಕು ಸಾಗಣೆಯ ವ್ಯವಹಾರ ನೋಡಿಕೊಳ್ಳುತ್ತಿದ್ದವರು, ಎದುರಿಗೆ ಸಿಕ್ಕಿದವರನ್ನೆಲ್ಲ ಮಾತಾಡಿಸಿಯೇ ಮುಂದೆ ಹೋಗುವವರು. 2020ರಲ್ಲಿ ಕೋವಿಡ್‌ನಿಂದ ಎಲ್ಲ ಮುಚ್ಚಿದಾಗ ಅವರು ಒಂದು ಗ್ರಾವೆಲ್ ಬೈಕ್ ತಂದರು. ಡಾಂಬರು ಬಿಟ್ಟು ಮಣ್ಣು, ಜಲ್ಲಿಯ ದಾರಿಯಲ್ಲಿ ಓಡಿಸಲು ಅಗಲ ಟೈರು ಹಾಕಿದ ಸೈಕಲ್ ಅದು. ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಇಂಜಿನಿಯರ್ ಆಗಿರುವ ಬೆಂಗಳೂರಿನ ಹರೀಶ ಅವರ ಜೊತೆಗಾರ. ಶನಿವಾರ ಬಂತೆಂದರೆ ಇಬ್ಬರೂ ಗುಡ್ಡ, ದ್ರಾಕ್ಷಿ ತೋಟ, ಆವಕಾಡೊ ತೋಟಗಳ ನಡುವೆ ಅಲೆದು ಕಡಲಿಗೆ ಇಳಿಯುತ್ತಿದ್ದರು. 2022ರ ವಸಂತದಲ್ಲಿ ಸ್ಪೇನ್‌ಗೂ ಹೋಗಿ ಮೆಡಿಟರೇನಿಯನ್ ಕರಾವಳಿಯ ಆಲಿವ್ ತೋಟಗಳ ಮಣ್ಣುದಾರಿಯಲ್ಲಿ ತಿರುಗಿ ಬಂದಿದ್ದರು. "ಇಲ್ಲಿಯ ಹವೆಯೂ ಅದೇ, ಗಿಡವೂ ಅದೇ, ಬೆಳಕೂ ಅದೇ ಮಾರಾಯ್ತಿ. ನಾವು ಪುಣ್ಯವಂತರು" ಎಂದು ಊಟಕ್ಕೆ ಕೂತಾಗಲೆಲ್ಲ ವರ್ಣಿಸುತ್ತಿದ್ದರು. ಅಂಥವರ ಮನೆ ಮೌನವಾಯಿತು.

ಗ್ಲೆಂಡೇಲ್‌ನಲ್ಲಿ ತೆರೇಸಾ ಎಂಬ ಸ್ಪೀಚ್ ಥೆರಪಿಸ್ಟ್ ಸಿಕ್ಕರು. ತಾಳ್ಮೆಯ ಹೆಂಗಸು. ಚಿತ್ರದ ಕಾರ್ಡು ತೋರಿಸಿ, ಮೊದಲ ಅಕ್ಷರ ತಾವೇ ಹೇಳಿಕೊಟ್ಟು, ಕಾಯುತ್ತಿದ್ದರು. ಇವರ ಹಣೆಯಲ್ಲಿ ಬೆವರೊಡೆಯುತ್ತಿತ್ತು, ಪದ ಬರುತ್ತಿರಲಿಲ್ಲ. ನೋಡಲು ಬಂದ ಸ್ನೇಹಿತರು ಕಿವಿ ಕೇಳದವರ ಹತ್ತಿರ ಮಾತಾಡಿದ ಹಾಗೆ ಜೋರಾಗಿ ಮಾತಾಡುತ್ತಿದ್ದರು. ಒಂದು ದಿನ ಕಾಲಿಂಗ್ ಬೆಲ್ ಆದಾಗ ಇವರು ಎದ್ದು ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಯಾರು ಬಂದರೂ ಹಾಗೆಯೇ.

ಚಳಿಗಾಲ ಕಳೆಯುತ್ತ ಬಂದಾಗ ತೆರೇಸಾ ನನ್ನನ್ನು ಪಕ್ಕಕ್ಕೆ ಕರೆದು, ಮೊದಲ ತಿಂಗಳುಗಳಲ್ಲಿ ಆಗುವ ಸುಧಾರಣೆಯೇ ದೊಡ್ಡದು, ಇನ್ನು ಮುಂದೆ ನಿಧಾನ, ಎಷ್ಟು ಬರುತ್ತದೆಂದು ಹೇಳಲಾರೆ ಎಂದರು. ಸುಳ್ಳು ಧೈರ್ಯ ಕೊಡಲಿಲ್ಲ. ಆ ಸಂಜೆ ದೇವರ ಮುಂದೆ ಕುಳಿತೆ. ನಮ್ಮದು ಊರಿನ ದುರ್ಗಾಪರಮೇಶ್ವರಿಯನ್ನು ನಂಬಿದ ಮನೆ. "ಅಮ್ಮಾ, ಇವರು ಮೊದಲಿನ ಹಾಗೆ ಆಗಲಿ ಅಂತ ಕೇಳುವುದಿಲ್ಲ. ಒಂದು ಮಾತು ಕೊಡು. ಒಂದು ಬಂದರೆ ಅದರ ಹಿಂದೆ ಇನ್ನೊಂದು ಬಂದೀತು. ಊರಿಗೆ ಬಂದು ಹೂವಿನ ಪೂಜೆ ಮಾಡಿಸುತ್ತೇನೆ" ಎಂದು ಹರಕೆ ಹೊತ್ತೆ. ಅತ್ತು ಅತ್ತು ಅಲ್ಲಿಯೇ ನಿದ್ದೆ ಹೋದೆ.

ಮರುದಿನ ಹರೀಶನ ಫೋನ್ ಬಂತು. "ಅಕ್ಕ, ನಮ್ಮನೇಲಿ ಒಂದು ಟ್ಯಾಂಡಮ್ ಇದೆ. ಇಬ್ಬರು ತುಳಿಯೋ ಸೈಕಲ್. ಹಿಂದೆ ಕೂತೋರಿಗೆ ಬ್ರೇಕ್ ಇಲ್ಲ, ಬ್ಯಾಲೆನ್ಸ್ ಇಲ್ಲ, ತುಳಿದ್ರೆ ಸಾಕು. ಅಣ್ಣನ್ನ ಕೂರಿಸಿಕೊಂಡು ಹೋಗೋಣ."

"ಮುಂದೆ ಯಾರು?"

"ನೀವೇ. ನನ್ನ ಜೊತೆ ಅವರು ಬರಲ್ಲ, ಮುಖ ಎತ್ತಿ ನೋಡೋದೂ ಇಲ್ಲ. ನಿಮ್ಮ ಜೊತೆ ಬರ್ತಾರೆ."

ಊರಲ್ಲಿ ಕಾಲೇಜಿಗೆ ಸೈಕಲ್‌ನಲ್ಲಿ ಹೋದವಳು ನಾನು. ಆಮೇಲೆ ಮುಟ್ಟಿರಲಿಲ್ಲ. ಡಾಕ್ಟರು ಒಪ್ಪಿದರು, ತೆರೇಸಾ ಖುಷಿಪಟ್ಟರು. ಮೇಘನಾಳನ್ನು ಹಿಂದೆ ಕೂರಿಸಿಕೊಂಡು ಪಾರ್ಕಿನ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಕಲಿತೆ. ಎರಡು ಸಲ ಬಿದ್ದೆವು. "ಅಮ್ಮ, ಯು ಆರ್ ಆಕ್ಚುಲಿ ಗುಡ್ ಅಟ್ ದಿಸ್" ಎಂದಳು ಅವಳು, ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ.

ಏಪ್ರಿಲ್‌ನ ಒಂದು ಶನಿವಾರ ಇವರನ್ನು ಹಿಂದೆ ಕೂರಿಸಿಕೊಂಡು, ಹರೀಶನ ಜೊತೆ ಎಸ್ಕಂಡಿಡೊ ಹತ್ತಿರದ ಕಣಿವೆಗೆ ಹೋದೆವು. ಆ ವರ್ಷ ಎಂದೂ ಇಲ್ಲದಷ್ಟು ಮಳೆಯಾಗಿತ್ತು. ಸದಾ ಒಣಗಿದ ಹುಲ್ಲಿನ ಬಣ್ಣದ ಗುಡ್ಡಗಳೆಲ್ಲ ಹಸಿರಾಗಿ, ಕಾಡು ಸಾಸಿವೆ ಆಳೆತ್ತರ ಬೆಳೆದು ಹಳದಿ ಹೂ ಬಿಟ್ಟಿತ್ತು. ಟೈರಿನ ಕೆಳಗೆ ಜಲ್ಲಿ ಚರಚರ ಎನ್ನುವುದು, ಬಿಸಿಲಿಗೆ ಸೇಜ್ ಗಿಡದ ಘಾಟು ಪರಿಮಳ, ದಿಣ್ಣೆ ಹತ್ತಿದಾಗ ದೂರದಲ್ಲಿ ಒಂದು ಗೆರೆಯ ಹಾಗೆ ಕಡಲು. ಇದನ್ನು ಬಿಟ್ಟು ನಾನು ಇಷ್ಟು ವರ್ಷ ಶನಿವಾರ ಎಂತ ಮಾಡಿದೆ ಎನಿಸಿತು. ಬೆನ್ನ ಹಿಂದೆ ಇವರ ಕಾಲುಗಳು ನನಗಿಂತ ಗಟ್ಟಿಯಾಗಿ ತುಳಿಯುತ್ತಿದ್ದವು.

ಹಿಂದೆ ಬರುತ್ತಿದ್ದ ಹರೀಶನ ಟೈರು ಪಂಕ್ಚರ್ ಆಯಿತು. "ನೀವು ನಿಧಾನವಾಗಿ ಹೋಗ್ತಾ ಇರಿ ಅಕ್ಕ, ಬಂದೆ" ಎಂದ. ಸ್ವಲ್ಪ ಮುಂದೆ ದಾರಿ ಕವಲಾಯಿತು. ಎಡಗಡೆಯದು ಕಿರಿದು, ಏರು. ಬಲಗಡೆಯದು ಅಗಲವಾಗಿ, ಸಮವಾಗಿ ಇಳಿದಿತ್ತು. ನಾನು ಬಲಕ್ಕೆ ತಿರುಗಿಸಿದೆ. ಸೈಕಲ್ ವೇಗ ಹಿಡಿಯಿತು.

"ನಿಲ್ಲು. ನಿಲ್ಲು ಮಾರಾಯ್ತಿ."

ಎರಡೂ ಬ್ರೇಕ್ ಹಿಡಿದೆ. ಜಲ್ಲಿಯಲ್ಲಿ ಜಾರಿ, ಓರೆಯಾಗಿ ನಿಂತೆವು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ನೋಡಿದರೆ ಕೇಳಿದ್ದು ಸುಳ್ಳಾದೀತು ಎಂಬ ಭಯ.

"ಎಂತ ಹೇಳಿದ್ರಿ?" ಎಂದೆ, ಮುಂದೆ ನೋಡಿಕೊಂಡೇ.

ಅವರು ಉಸಿರು ಎಳೆದುಕೊಂಡರು. ಆಮೇಲೆ, "ಹೊಳೆ... ಹೊಳೆ ಉಂಟು. ಎಡಕ್ಕೆ."

ನಾನು ಹ್ಯಾಂಡಲಿನ ಮೇಲೆ ತಲೆಯಿಟ್ಟು ಅತ್ತೆ. ಅಷ್ಟರಲ್ಲಿ ಹರೀಶ ಬಂದ. ನಮ್ಮಿಬ್ಬರ ಮುಖ ನೋಡಿ, "ಅಕ್ಕ, ಅಣ್ಣ ಮಾತಾಡಿದ್ರಾ?" ಎಂದು ಕೇಳಿದ. "ಹೌದು ಮಾರಾಯ" ಎಂದರು ಇವರು. ಹರೀಶ ತನ್ನ ಸೈಕಲನ್ನು ನೆಲಕ್ಕೆ ಮಲಗಿಸಿ, ಬಲಗಡೆಯ ದಾರಿಯಲ್ಲಿ ನಡೆದು ಹೋಗಿ ತಿರುವಿನ ಆಚೆ ನೋಡಿ ಬಂದ. ಆ ತಿರುವಿನಾಚೆ ಹೊಳೆ ಇರುವುದು ಇವರಿಗೆ ಹಿಂದಿನ ಸವಾರಿಗಳಿಂದ ಗೊತ್ತಿತ್ತು. ಮಳೆಗಾಲದ ಪ್ರವಾಹ ಅಲ್ಲಿ ದಂಡೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ದಾರಿ ಇದ್ದ ಜಾಗದಲ್ಲಿ ಆಳದ ಪ್ರಪಾತ, ಕೆಳಗೆ ಬಂಡೆ.

ನಾವು ಎಡದ ದಾರಿ ಹಿಡಿದೆವು.

ತೆರೇಸಾ ಇದಕ್ಕೆ ವಿವರಣೆ ಕೊಟ್ಟರು. ಬೇಕೆಂದು ಹುಡುಕಿದರೆ ಸಿಗದ ಮಾತು, ಅಪಾಯ ಎದುರಾದಾಗ ತಾನಾಗಿ ಹೊರಬರುವುದುಂಟಂತೆ. ನಾನು ಅವರ ವಿದ್ಯೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಾನು ದೇವರಲ್ಲಿ ಕೇಳಿಕೊಂಡ ಮರುದಿನವೇ ಹರೀಶನ ಮನಸ್ಸಿಗೆ ಆ ಸೈಕಲನ್ನು ತಂದವಳು ಯಾರು? ಒಂದು ಮಾತು ಕೊಡು ಎಂದು ಬೇಡಿದ್ದೆ. ಅಮ್ಮ ಅದೇ ಮಾತಿನಿಂದ ಎರಡು ಜೀವ ಉಳಿಸಿದಳು. ನನಗೆ ಇದರಲ್ಲಿ ಸಂಶಯವಿಲ್ಲ.

ಆಮೇಲೆ ತೆರೇಸಾ ಚಿತ್ರದ ಕಾರ್ಡುಗಳನ್ನು ತೆಗೆದಿಟ್ಟರು. ಒಂದು ಸವಾರಿಯ ದಾರಿಯನ್ನು ತಿರುವು ತಿರುವಾಗಿ ಹೇಳಿಸುತ್ತಿದ್ದರು. ಎಡಕ್ಕೆ, ಏರು, ಗೇಟು, ತೋಟ, ಕಡಲು. ಆ ದಾರಿಗಳ ಮೇಲೆಯೇ ಇವರ ಮಾತು ಒಂದೊಂದಾಗಿ ನಡೆದು ಬಂತು. ಈಗಲೂ ನಿಧಾನ. ಅಂಕಿಗಳು ಅದಲು ಬದಲಾಗುತ್ತವೆ. ಆದರೆ ಮನೆಗೆ ಬಂದವರನ್ನು ಕಾಫಿ ಕುಡಿಸದೆ, ಸ್ಪೇನ್‌ನ ಕಥೆ ಹೇಳದೆ ಬಿಡುವುದಿಲ್ಲ. 2024ರಲ್ಲಿ ಊರಿಗೆ ಹೋಗಿ ಹೂವಿನ ಪೂಜೆ ಮಾಡಿಸಿ, ಹರಕೆ ತೀರಿಸಿ ಬಂದೆವು.

ಕಳೆದ ನವರಾತ್ರಿಯಲ್ಲಿ ಇಲ್ಲಿಯ ದೇವಸ್ಥಾನಕ್ಕೆ ಹೋಗಿದ್ದೆವು. ಅರ್ಚನೆಗೆ ಯಾರ ಹೆಸರು ಎಂದು ಭಟ್ಟರು ಕೇಳಿದರು. ನಾನು ಹೇಳಲು ಹೊರಟಾಗ ಇವರು ಕೈಯೆತ್ತಿ ತಡೆದರು. ಹಿಂದೆ ಸಾಲು ಕಾಯುತ್ತಿತ್ತು. ಯಾರೂ ಅವಸರಿಸಲಿಲ್ಲ.

"ಹರೀಶ" ಎಂದರು. ಅವನ ಗೋತ್ರವನ್ನೂ ಹೇಳಿದರು. ಆಮೇಲೆ ಇನ್ನೊಂದು ಹೆಸರು. "ತೆರೇಸಾ."

ಭಟ್ಟರು ತಲೆಯೆತ್ತಿ ನೋಡಿದರು. "ಗೋತ್ರ?"

"ಅದು... ಗೊತ್ತಿಲ್ಲ ಭಟ್ರೇ. ಒಳ್ಳೆಯವರು."

ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವುದು ನಮ್ಮಲ್ಲಿ ರೂಢಿ. ಭಟ್ಟರು ನಕ್ಕು, ಕುಂಕುಮ ಕೈಗೆ ತೆಗೆದುಕೊಂಡು, ಕಾಶ್ಯಪ ಗೋತ್ರದಲ್ಲಿ ಹುಟ್ಟಿದ ತೆರೇಸಾ ಎಂಬವರ ಆಯುರಾರೋಗ್ಯಕ್ಕಾಗಿ ಗಟ್ಟಿಯಾಗಿ ಸಂಕಲ್ಪ ಮಾಡಿದರು. ನಾವಿಬ್ಬರೂ ಕೈಮುಗಿದು ನಿಂತೆವು.