ಹೋಗದ ಹಳ್ಳಿಯಿಂದ ಬರೆದ ವರದಿ

1957ರಲ್ಲಿ ನಾನು ಶಿಕಾರಿಪುರದಲ್ಲಿದ್ದೆ. ಯಾವ ಪತ್ರಿಕೆಯ ನೌಕರನೂ ಅಲ್ಲ, ಬಿಡಿ ಲೇಖನ ಬರೆಯುವವನು. ಬೆಳಿಗ್ಗೆ ವಾಚನಾಲಯದಲ್ಲಿ ಇಂಗ್ಲಿಷ್ ಪತ್ರಿಕೆಗಳ ವಿಜ್ಞಾನ ಸುದ್ದಿ ಗುರುತು ಹಾಕಿಕೊಳ್ಳುವುದು, ಮಧ್ಯಾಹ್ನ ಕನ್ನಡದಲ್ಲಿ ಬರೆಯುವುದು, ಸಂಜೆ ಟಪಾಲು ಹೊರಡುವ ಮುಂಚೆ ಲಕೋಟೆ ಹಾಕುವುದು. ಅಣುಶಕ್ತಿ, ಪೆನಿಸಿಲಿನ್, ರಾಕೆಟ್, ಎಲ್ಲವನ್ನೂ ಬರೆಯುತ್ತಿದ್ದೆ. ಊರಿನವರು ‘ಸೈನ್ಸ್ ಮೇಷ್ಟ್ರು’ ಎನ್ನುತ್ತಿದ್ದರು. ಆ ಹೆಸರು ನನ್ನ ತಲೆಗೇರಿತ್ತು.

ಆ ಬೇಸಿಗೆಯಲ್ಲಿ ಸೊರಬದ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನರಿಗೂ ವಿಚಿತ್ರ ಜ್ವರ ಬರುತ್ತಿದೆ ಎಂಬ ಸುದ್ದಿ ಹಬ್ಬಿತು. ನಾನು ಬರೆಯುತ್ತಿದ್ದ ವಾರಪತ್ರಿಕೆಯ ಸಂಪಾದಕರಿಂದ ಕಾಗದ ಬಂತು: “ಹೋಗಿ, ನೋಡಿ, ಬರೆಯಿರಿ.”

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ತಲುಪಿದೆ. ಕಾಡಂಚಿನ ಹಳ್ಳಿಗೆ ಅಲ್ಲಿಂದ ನಡೆಯಬೇಕಿತ್ತು. ನನಗೆ ಹೆದರಿಕೆಯಾಯಿತು. ಹೋಟೆಲಿನಲ್ಲಿ ಕೂತು, ಆ ಕಡೆಯಿಂದ ಪೇಟೆಗೆ ಬಂದಿದ್ದ ಇಬ್ಬರನ್ನು ಮಾತಾಡಿಸಿ ವಾಪಸಾದೆ. ಮನೆಯಲ್ಲಿದ್ದ ವೈದ್ಯಪುಸ್ತಕ ತಿರುವಿದಾಗ ಟೈಫಾಯ್ಡ್ ಇರಬಹುದು ಅನ್ನಿಸಿತು. ‘ಹಳ್ಳದ ನೀರು ಕೆಟ್ಟಿದೆ, ಕಾಯಿಸಿ ಕುಡಿದರೆ ಸಾಕು, ಕಾಡಿಗೆ ಹೋಗಲು ಅಂಜಬೇಕಿಲ್ಲ’ ಎಂದು ಬರೆದೆ. ಹಳ್ಳಿಯ ಹೆಸರು ಹಾಕಿ, ‘ನಾನು ಕಣ್ಣಾರೆ ಕಂಡಂತೆ’ ಎಂದೇ ಲೇಖನ ಶುರು ಮಾಡಿದ್ದೆ. ಅದು ಮೊದಲ ಪುಟದಲ್ಲಿ ಅಚ್ಚಾಯಿತು.

ಆಮೇಲೆ ವಿಜ್ಞಾನಿಗಳು ನಿಜವಾದ ಕಾರಣ ಹೇಳಿದರು. ಅದು ಹೊಸ ವೈರಸ್. ದನದ ಮೈಗೆ ಕಚ್ಚುವಂಥ ಉಣುಗು ಕಾಡಿನಲ್ಲಿ ಮನುಷ್ಯರಿಗೂ ಕಚ್ಚಿ ಜ್ವರ ಹರಡುತ್ತಿತ್ತು. ನೀರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. 1958ರಲ್ಲಿ, ಹೊಸ ಲೇಖನಕ್ಕೆಂದು, ಕೊನೆಗೂ ಆ ಹಳ್ಳಿಗೆ ನಡೆದು ಹೋದೆ.

ಶಾಲೆಯ ಪಕ್ಕದ ಮನೆಯಲ್ಲಿ ಗಂಗಮ್ಮ ಎಂಬಾಕೆ ಇದ್ದರು, ಅಲ್ಲಿನ ಮೇಷ್ಟ್ರ ಹೆಂಡತಿ. ನನ್ನ ಹೆಸರು ಕೇಳುತ್ತಲೇ ಗುರುತು ಹಿಡಿದರು.

“ನೀವು ಬರ್ದಿದ್ದನ್ನ ನಮ್ಮನೆಯವ್ರು ಜಗಲಿ ಮೇಲೆ ಕೂತು ಊರಿಗೆಲ್ಲ ಓದಿ ಹೇಳಿದ್ರು. ಅವತ್ತಿಂದ ನೀರು ಕಾಯಿಸ್ದೆ ಕುಡೀಲಿಲ್ಲ ನಾವು. ಇನ್ನೇನು ಭಯ ಅಂತ ಅವ್ರು ಸೌದೆಗೆ ಕಾಡಿಗೆ ಹೋದ್ರು. ಜ್ವರ ಬಂತು. ಹನ್ನೆರಡನೇ ದಿನ ತೀರ್ಕೊಂಡ್ರು.”

ಒಳಗೆ ಹೋಗಿ ಚೊಂಬು ತಂದು ಮುಂದಿಟ್ಟರು. “ದಣಿದು ಬಂದೀರಿ. ಕುಡೀರಿ, ಕಾಯಿಸಿದ್ದೇ.”

ನನ್ನಿಂದ ತಡೆಯಲಾಗಲಿಲ್ಲ. “ಅಮ್ಮಾ, ನಾನು ಆಗ ಇಲ್ಲಿಗೆ ಬಂದೇ ಇರಲಿಲ್ಲ” ಎಂದೆ.

ಗಂಗಮ್ಮ ಕೇಳಿದರು: “ಹಂಗಾರೆ ಕಂಡೆ ಅಂತ ಯಾಕ್ರೀ ಬರೆದ್ರಿ?”

ಉತ್ತರ ಗೊತ್ತಿತ್ತು. ಹೆಸರು ಅಚ್ಚಾಗುವ ಆಸೆ. ಅದನ್ನು ಆಕೆಗೆ ಹೇಳದೆ ತಲೆ ತಗ್ಗಿಸಿ ಎದ್ದು ಬಂದೆ.

ತಪ್ಪೊಪ್ಪಿಗೆ ಬರೆದು ಕಳಿಸಿದೆ. ಸಂಪಾದಕರು ‘ಆ ಲೇಖನದ ಮಾಹಿತಿ ಸರಿಯಿರಲಿಲ್ಲ’ ಎಂಬಷ್ಟನ್ನು ಉಳಿಸಿ, ಹಳ್ಳಿಗೆ ಹೋಗಿರಲಿಲ್ಲ ಎಂಬ ಸಾಲು ಹೊಡೆದುಹಾಕಿದರು. ನಾನೂ ಪಟ್ಟು ಹಿಡಿಯಲಿಲ್ಲ. ಒಳಗೊಳಗೇ ಸಮಾಧಾನವಾಗಿತ್ತು, ಅದನ್ನೂ ಇಲ್ಲಿ ಹೇಳಿಬಿಡಬೇಕು.

ಆಮೇಲಿನ ಪ್ರತಿ ಲೇಖನದಲ್ಲೂ ನೋಡಿದ್ದೆಷ್ಟು, ಓದಿದ್ದೆಷ್ಟು, ಗೊತ್ತಿಲ್ಲದ್ದೆಷ್ಟು ಎಂದು ಬಿಡಿಸಿ ಬರೆದೆ. ಓದುಗರು ಅದನ್ನು ನನ್ನ ಶೈಲಿ ಎಂದು ಹೊಗಳಿದರು. ಅದನ್ನು ಯಾರ ಮನೆಯಲ್ಲಿ ಕಲಿತೆ ಎಂದು ಹೇಳುವ ಧೈರ್ಯ ಇವತ್ತಿನವರೆಗೆ ಬಂದಿರಲಿಲ್ಲ.