ಭಾನುವಾರ ಬೆಳಿಗ್ಗೆ ಆರಕ್ಕೆ ಹೆಡ್ವಿಗಮ್ಮನ ಮನೇಲಿ ಯಾರಿದ್ದರು?

ಜರ್ಮನಿಯ ನಮ್ಮ ರಾಯ್ಟ್ಲಿಂಗನ್ ಊರಿನಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಯಾರದೋ ಅವರ ಬಾಗಿಲಿಗೆ ಆ ವಾರ ಒಂದು ಹಲಗೆ ತೂಗುತ್ತದೆ. ನಮ್ಮ ಕಟ್ಟಡದಲ್ಲಿ ಆ ಹಲಗೆಯ ಕಾವಲು ದೇವತೆ ಎರಡನೇ ಮಹಡಿಯ ಹೆಡ್ವಿಗಮ್ಮ. ಗಂಡ ಹೋಗಿ ಎಷ್ಟೋ ವರ್ಷವಾಯಿತು, ವಯಸ್ಸೂ ಆಯಿತು, ಬಾಯಿಗೆ ಮಾತ್ರ ಮುಪ್ಪು ಬಂದಿಲ್ಲ.

ಆಕೆಯ ಬಾಯಿಗೆ ದಿನಾ ಸಿಗುತ್ತಿದ್ದವನು ನಾಲ್ಕನೇ ಮಹಡಿಯ ಓಟ್ಮಾರ್. ಬಸ್ಸು ಓಡಿಸಿ ನಿವೃತ್ತನಾದ ಒಂಟಿ ಮನುಷ್ಯ.

"ರೀ ಓಟ್ಮಾರ್, ಮೂಲೆ ಕಸ ನಿಮ್ಮಪ್ಪ ಬಂದು ಗುಡಿಸ್ತಾನಾ?"

"ಅಮ್ಮಾ ತಾಯಿ, ನಿಮ್ಮ ಭೂತಗನ್ನಡಿ ತಗೊಂಡು ಒಳಗೆ ಹೋಗಿ!"

ಹಾವು ಮುಂಗುಸಿ ಅಂದರೆ ಇವರೇ ಅಂತ ಕಟ್ಟಡದವರೆಲ್ಲ ನಂಬಿದ್ದೆವು.

ಇಂಥಾಕೆಗೆ ವಕೀಲರ ನೋಟಿಸು ಬಂತು. ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಇಂಟರ್ನೆಟ್ಟಿನಿಂದ ಕಡಲ್ಗಳ್ಳರ ಸಿನಿಮಾವೊಂದನ್ನು ಊರಿಗೆಲ್ಲ ಹಂಚಿದ್ದೀರಿ. ದುಡ್ಡು ಕಟ್ಟಿ, ಇನ್ನು ಹಂಚುವುದಿಲ್ಲ ಅಂತ ಸಹಿ ಹಾಕಿ, ಇಲ್ಲವಾದರೆ ಕೋರ್ಟು. ನಾನು ಹಿಂದೆ ವಕೀಲರ ಕಚೇರಿಯಲ್ಲಿ ಟೈಪು ಮಾಡುತ್ತಿದ್ದವಳು, ಇರುವುದು ಕೆಳಗಿನ ಮನೆಯಲ್ಲಿ. ಆಕೆ ನನ್ನ ಹತ್ತಿರ ಓಡಿ ಬಂದಳು.

"ಸಹಿ ಹಾಕ್ಬಿಡ್ತೀನಿ ಗುಡ್ರುನ್. ಎಲ್ಲಿ ಅಂತ ತೋರ್ಸು."

"ತಲೆ ಕೆಟ್ಟಿದೆಯಾ ನಿಮಗೆ? ಇಂಟರ್ನೆಟ್ಟು ಇರೋದು ಬರೀ ಟೀವಿಗೆ, ಮನೇಲಿ ಕಂಪ್ಯೂಟರ್ರೇ ಇಲ್ಲ! ಅವರು ಕಳಿಸಿದ ಕಾಗದಕ್ಕೆ ಕಣ್ಮುಚ್ಚಿ ಸಹಿ ಹಾಕಿದ್ರೆ ಸಾಯೋವರೆಗೂ ಸಿಕ್ಕಿಹಾಕ್ಕೊಂಡಂಗೆ. ಆ ಹೊತ್ತಲ್ಲಿ ನಿಮ್ಮ ಇಂಟರ್ನೆಟ್ಟು ಇನ್ಯಾರು ಬಳಸ್ತಿದ್ರು ಅಂತ ಬರೀಬೇಕು. ಯಾರಿದ್ರು?"

"ಯಾರೂ ಇಲ್ಲ."

"ಮತ್ತೆ ಬೆಕ್ಕು ಹಂಚ್ತಾ ಸಿನಿಮಾನ?"

"ಹ್ಞೂಂ, ಬೆಕ್ಕು ಅಂತ್ಲೇ ಬರಿ!"

ನನಗೆ ರೇಗಿಹೋಯಿತು. ಯಾರಾದರೂ ತಪ್ಪು ಡಬ್ಬಕ್ಕೆ ಕಸ ಹಾಕಿದರೆ ಬೀದಿಗೆಲ್ಲ ಕೇಳುವಂತೆ ಕೂಗುವ ಹೆಂಗಸು, ತಾನು ಮಾಡದ ತಪ್ಪನ್ನು ತಲೆ ಮೇಲೆ ಹೊರಲು ಹೊರಟಿದ್ದಾಳೆ! ನಾನೂ ಗಂಟಲು ಏರಿಸಿದೆ. ಬಾಗಿಲು ತೆರೆದೇ ಇತ್ತು, ಜಗಳ ಮೆಟ್ಟಿಲು ಹತ್ತಿತು. ಮೇಲಿನವರೆಲ್ಲ ಕಟಾಂಜನಕ್ಕೆ ಬಂದು ಬಗ್ಗಿದರು. ಅವರನ್ನು ದಾಟಿಕೊಂಡು ಓಟ್ಮಾರ್ ಮನೆಚಪ್ಪಲಿಯಲ್ಲೇ ಇಳಿದು ಬಂದ.

"ನಾನಿದ್ದೆ," ಅಂದ. "ಲ್ಯಾಪ್‌ಟಾಪು ನಂದು, ಇಂಟರ್ನೆಟ್ಟು ಇವಳದ್ದು. ಕಡಲ್ಗಳ್ಳರ ಸಿನಿಮಾ ಅಂದ್ರೆ ಪ್ರಾಣ ಇವಳಿಗೆ, ಅದಕ್ಕೇ ಇಳಿಸಿಕೊಟ್ಟೆ. ಇಳಿಸೋವಾಗ್ಲೇ ಅದು ತಾನಾಗಿ ಊರಿಗೆಲ್ಲ ಹಂಚುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಭಾನುವಾರ ಬೆಳಿಗ್ಗೆ ಆರಕ್ಕಾ?" ಮೇಲಿನಿಂದ ಯಾರೋ ಕಿಸಕ್ಕೆಂದರು.

ಹೆಡ್ವಿಗಮ್ಮನ ಮುಖ ಕೆಂಪಾಯಿತು. ಆಕೆ ಹೆದರಿದ್ದು ಕೋರ್ಟಿಗಲ್ಲ, ಈ ನಗುವಿಗೆ. ಅಯ್ಯೋ ಪಾಪ ಅನ್ನಿಸಿತು ನನಗೆ.

"ಸುಮ್ನೆ ಮೇಲೆ ಹೋಗ್ರೀ," ಅಂದಳು. "ನಿಮ್ಮ ಹೆಸರು ಬರೆದ್ರೆ ಎಲ್ಲಾ ನಿಮ್ಮ ತಲೆಗೇ ಬರುತ್ತೆ."

"ಬರ್ಲಿ ಬಿಡೇ. ನಾನು ಮಾಡಿದ್ದಕ್ಕೆ ನೀನು ಸಹಿ ಹಾಕೋದನ್ನ ನೋಡ್ಕೊಂಡು ಕೂರಕ್ಕಾಗಲ್ಲ ನಂಗೆ."

ಆಕೆ ಕುರ್ಚಿ ಎಳೆದು ಕೂತಳು. ನಾನು ಟೈಪು ಮಾಡಲು ಕೂತೆ. "ಓಟ್ಮಾರ್ ನಿಮಗೆ ಏನಾಗ್ಬೇಕು ಹೆಡ್ವಿಗಮ್ಮ? ಮೇಲಿನ ಮನೆಯವರು ಅಂತ ಹಾಕ್ಲಾ?"

"ಹಾಗೇ ಹಾಕು, ಅಷ್ಟು ಸಾಕು," ಅಂದ ಓಟ್ಮಾರ್, ನೆಲ ನೋಡುತ್ತ.

ಹೆಡ್ವಿಗಮ್ಮ ಎದ್ದು ಬಾಗಿಲಿಗೆ ಹೋದಳು. ತಲೆಯೆತ್ತಿ, ನಾಲ್ಕೂ ಮಹಡಿಗೆ ಕೇಳುವ ಹಾಗೆ, ನನಗೆ ಹೇಳಿದಳು:

"ಅದನ್ನ ಅಳಿಸೇ ಗುಡ್ರುನ್! ನಮ್ಮೋರು ಅಂತ ಬರಿ!"