ಹಗ್ಗದ ಇನ್ನೊಂದು ತುದಿ

ಬೇರೆ ಬೇರೆ ಕಥೆಗಳ ವೀರರು ಒಂದೇ ಅಖಾಡದಲ್ಲಿ ಹೊಡೆದಾಡುವ ವಿಡಿಯೋ ಗೇಮ್ ನಮ್ಮದು. ಅದಕ್ಕೊಂದು ಅತಿಥಿ ಪಾತ್ರ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಹೋಳಿ ಹಬ್ಬಕ್ಕೆ ಮುಂಚೆ ಶಿರಸಿಯಲ್ಲಿ ಕುಣಿಯುವ ಬೇಡರ ವೇಷ ನೆನಪಾಯಿತು. ನವಿಲುಗರಿ, ಕತ್ತಿ, ಗುರಾಣಿ, ಇನ್ನೇನು ಬೇಕು?

ಮೂವತ್ತು ವರ್ಷ ಬೇಡನಾಗಿ ಕುಣಿದ ಶಿವಣ್ಣನ ಅಂಗಳಕ್ಕೆ ಹೋಗಿ, "ನಾಲ್ಕು ಹೆಜ್ಜೆ ಕುಣಿದು ತೋರಿಸಿ, ಫೋನಿನಲ್ಲಿ ತೆಗೆದುಕೊಳ್ತೇನೆ" ಎಂದೆ.

"ಹಗ್ಗ ಹಿಡಿಯೋರಿಲ್ದೆ ಬೇಡ ಕುಣಿಯೂದಿಲ್ಲ ಮಾರಾಯ್ರೆ."

ರೋಷದಲ್ಲಿ ಜನರ ಮೇಲೆ ಎರಗದಂತೆ ಬೇಡನ ಸೊಂಟಕ್ಕೆ ಹಗ್ಗ ಕಟ್ಟಿ, ಇಬ್ಬರು ಹಿಂದಿನಿಂದ ಹಿಡಿದಿರುತ್ತಾರೆ.

"ಗೇಮಿನಲ್ಲಿ ಹಗ್ಗ ಇರೋದಿಲ್ಲ, ಒಬ್ಬನೇ ಹೊಡೆದಾಡಬೇಕು" ಎಂದೆ.

ಅವರು ಎದ್ದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಒಂದು ತುದಿ ಅಲ್ಲೇ ಇದ್ದ ತಮ್ಮ ತಮ್ಮನಿಗೆ ಕೊಟ್ಟರು, ಇನ್ನೊಂದು ನನಗೆ. "ಇದು ನಾಗೇಶ ಹಿಡೀತಿದ್ದ ಬದಿ. ಹೋದ ಮಳೆಗಾಲದಲ್ಲಿ ತೀರ್ಕೊಂಡ. ಗಟ್ಟಿ ಹಿಡ್ಕಳಿ, ನಾ ತಿರುಗಿ ನೋಡೂದಿಲ್ಲ."

ಕುಣಿಯುತ್ತ ಕುಣಿಯುತ್ತ ಮೈಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟು ಮುಂದಕ್ಕೆ ಎರಗಿದರು. ಆ ಭಂಗಿ ತಪ್ಪಿಹೋದೀತೆಂದು ನಾನು ಒಂದು ಕೈ ಬಿಟ್ಟು ಫೋನ್ ಎತ್ತಿದೆ. ಹಗ್ಗ ಜಾರಿತು. ಶಿವಣ್ಣ ಮುಖ ಅಡಿಯಾಗಿ ಬಿದ್ದರು.

ಕ್ಷಮಿಸಿ ಎಂದೆ. ಅವರು ತುಟಿಯ ರಕ್ತ ಒರೆಸಿಕೊಂಡು ಹಗ್ಗ ಸುತ್ತತೊಡಗಿದರು. "ನಿಮ್ಮ ತಪ್ಪು ಎಂತದೂ ಇಲ್ಲ. ಅವ ಇಲ್ಲ ಅನ್ನೂದೇ ನಂಗೆ ಮರ್ತುಹೋಗಿತ್ತು."

ಪಾತ್ರ ಆಯ್ಕೆಯಾಯಿತು. ಪಾತ್ರದ ವಿವರಪಟ್ಟಿಯ 'ದೌರ್ಬಲ್ಯ' ಎಂಬ ಕಾಲಮಿನಲ್ಲಿ ನಾನು 'ಹಗ್ಗ ಹಿಡಿದವನು' ಎಂದು ಬರೆದಿದ್ದೆ. ಆಫೀಸಿನವರು ಅದನ್ನು ಹೊಡೆದುಹಾಕಿ, 'ಯಾವುದೂ ಇಲ್ಲ' ಎಂದು ತಿದ್ದಿದ್ದಾರೆ.